ಮಿಲಿಟ್ರಿ ಜೀಪಿನ ಕಾಗದ

ಕಮಲಾಪುರದ ಬಸ್ ಸ್ಟ್ಯಾಂಡಿನಾಗ ಆ ದಿನ ಆದ ತಮಾಷಾ ಊರಾಗ ಇನ್ನೂ ಯಾರೂ ಮರತಿಲ್ಲ. ಸೂಗಮ್ಮ ಇಳಕಲ್ ಸೀರಿ ಉಟ್ಟು, ಕೈಯಾಗ ಲಗ್ನಕ್ಕ ಕೊಡೋ ಆಯೇರಿ ಚೀಲ ಹಿಡಕೊಂಡು, ಕಲಬುರಗಿ ಬಸ್ಸಿಗೆ ಕಾಯ್ಕೋತ ನಿಂತಾಳ. ಆಕಿ ಎದುರಿಗೇ, ನಾಲ್ಕು ಹೆಜ್ಜಿ ದೂರದಾಗ, ಆಕಿ ಗಂಡ ಗುರುಲಿಂಗಪ್ಪ ತನ್ನ ಹಸಿರು ಮಿಲಿಟ್ರಿ ಜೀಪು ನಿಲ್ಲಿಸಿ, ಎಡಗಡಿ ಸೀಟು ಟವೆಲ್‌ಲೆ ಒರಸಿ ಒರಸಿ, "ಏ, ಬಾರ, ಹತ್ತು" ಅಂತ ಕರಿಯಾಕತ್ತಾನ. ಈಕಿ ಮಾರಿ ಅತ್ತಾಗ ಹೊಳ್ಳಿಸಿ ಬಸ್ಸಿನ ಬೋರ್ಡ್ ಓದಾಕತ್ತಾಳ.

ಬಸ್ಸು ಬಂತು. ಸೂಗಮ್ಮ ಹತ್ತಿ ಕಿಡಕಿ ಕಡೆ ಕುಂತ್ಳು. ಜೀಪು ಬಸ್ಸಿನ ಬೆನ್ನ ಹಿಂದ ಹೊಂಟಿತು. ಗಂಡ ಹೆಂಡ್ತಿ ಇಬ್ರೂ ಒಂದೇ ಲಗ್ನಕ್ಕ, ಒಂದೇ ರಸ್ತಾದಾಗ, ಎರಡು ಗಾಡ್ಯಾಗ! ಕಂಡಕ್ಟರ್ ಆಕಿಗೆ ಫ್ರೀ ಟಿಕೆಟ್ ಹರದು ಕೊಡ್ತಾ, "ಏನ್ರಿ ಅಕ್ಕಾರ, ಹಿಂದ ಮಿಲಿಟ್ರಿ ಬಂದೋಬಸ್ತ್ ಕಟ್ಕೊಂಡು ಹೊಂಟೀರಿ?" ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ಸೂಗಮ್ಮ ನಗಲಿಲ್ಲ.

ನಗೋದು ಹ್ಯಾಂಗ? ಮೂರು ತಿಂಗಳಿಂದ ಮನ್ಯಾಗ ಇದೇ ಜಗಳ. ಗುರುಲಿಂಗಪ್ಪ ಫೌಜಿನಾಗ ಇಪ್ಪತ್ತಾರು ವರ್ಷ ಡ್ರೈವರ್ ಇದ್ದಾವ, ಹವಾಲ್ದಾರ್ ಆಗಿ ನಿವೃತ್ತಿ ಆಗಿ ಬಂದು ಕೆಂಪು ಬಾಳಿ ಹಚ್ಚಿ ಛಲೋ ಬೆಳಿತಿದ್ದ. ಒಂದಿನ ಯಾರೋ ಹಳೇ ಜೋಡಿದಾರ ಫೋನ್ ಮಾಡಿ, ಪುಣೆ ಕಡೆ ಡಿಪೋದಾಗ ಫೌಜಿನ ಹಳೀ ಜೀಪು ಹರಾಜಿಗೆ ಬಂದಾವ ಅಂತ ಕಿವ್ಯಾಗ ಊದಿದ. ಎಂಟು ದಿನ ಆದ ಮ್ಯಾಲ ಈ ಮನುಷ್ಯ ಲಾರಿ ಮ್ಯಾಲ ಜೀಪು ಹೇರಿಸ್ಕೊಂಡು ಮೀಸಿ ತಿರುವಿಕೋತ ಬಂದಿಳಿದ. ಕೈಯಾಗ ಡಿಪೋದ ಹರಾಜಿನ ಕಾಗದ ಒಂದು. ಅದರ ಹೊರತು ಆ ಗಾಡಿಗೆ ನಂಬರಿಲ್ಲ, ಆರ್‌ಸಿ ಇಲ್ಲ, ಇನ್ಶೂರೆನ್ಸ್ ಇಲ್ಲ.

"ಮಿಲಿಟ್ರಿ ಗಾಡಿಗೆ ಇನ್ಶೂರೆನ್ಸ್ ಎಲ್ಲಿರ್ತದ?" ಅಂತಿದ್ದ ಅವ. ಅವನ ಮಾತೂ ಪೂರಾ ಸುಳ್ಳಲ್ಲ ಬಿಡ್ರಿ. ಫೌಜಿನ ಗಾಡಿ ಸರಕಾರದ್ದು, ಅದಕ್ಕ ಇನ್ಶೂರೆನ್ಸ್ ಕಟ್ಟೋ ಗೊಡವಿ ಇಲ್ಲ. ಅಲ್ಲಿ ಇರೋದು ಕಾರ್ ಡೈರಿ ಒಂದೇ. ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಯಾವ ಕೆಲಸಕ್ಕ ಅಂತ ಬರದು ಸಾಹೇಬ್ರ ಸಹಿ ಬಿತ್ತಂದ್ರ ಗಾಡಿ ಗೇಟು ದಾಟ್ತದ. ಇಪ್ಪತ್ತಾರು ವರ್ಷದ ರೂಢಿ ಅದು, ಹೋಗು ಅಂದ್ರ ಹೋಗ್ತದೇನು? ಅವ ಅಂಗಡಿಯಿಂದ ಒಂದು ಉದ್ದನ ನೋಟ್‌ಬುಕ್ ತಂದು ಗೆರಿ ಹೊಡದು ಕಾರ್ ಡೈರಿ ಮಾಡಿದ. ದಿನಾ ಮುಂಜಾನಿ "ಮನಿಯಿಂದ ಹೊಲಕ್ಕ, ಎರಡು ಕಿಲೋಮೀಟರ್, ಕೆಲಸ: ಬಾಳಿಗೆ ನೀರು" ಅಂತ ಬರದು, ಕೆಳಗ ತಾನೇ ಸಹಿ ಹಾಕಿ, ತಾನೇ ಗಾಡಿ ಚಾಲು ಮಾಡ್ತಿದ್ದ.

ಸೂಗಮ್ಮಗ ಮಾತ್ರ ಇದು ಆಟ ಅಲ್ಲ. ಎಂಟು ವರ್ಷದ ಹಿಂದ ಆಕಿ ತಮ್ಮ ಕಲ್ಯಾಣಪ್ಪ ಕಮಲಾಪುರ ಕ್ರಾಸಿನಾಗ ರಸ್ತಾ ದಾಟೋವಾಗ ಒಂದು ಗೂಡ್ಸ್ ಗಾಡಿ ಬಂದು ಬಡೀತು. ಎಡಗಾಲು ಮೊಣಕಾಲಿನ ಕೆಳಗ ತಗದು ಹಾಕಿದ್ರು. ಬಡದಾವ ಕೆಟ್ಟ ಮನುಷ್ಯ ಅಲ್ಲ, ಮನಿಗೇ ಬಂದು ಕಲ್ಯಾಣಪ್ಪನ ಹಾಸಿಗಿ ಮುಂದ ಕುಂತು ಬಿಕ್ಕಿ ಬಿಕ್ಕಿ ಅತ್ತ. ಇನ್ಶೂರೆನ್ಸ್ ಮುಗದು ನಾಲ್ಕು ತಿಂಗಳಾಗಿತ್ತು, ಕಟ್ಟಿರಲಿಲ್ಲ, ಅಷ್ಟೇ. ಕೇಸು ಗೆದ್ರೂ ಅವನ ಹತ್ರ ಕೊಡಾಕ ಏನೂ ಇರಲಿಲ್ಲ. ಅಂಗಡಿ ನಡಸ್ತಿದ್ದ ಕಲ್ಯಾಣಪ್ಪ ಅವತ್ತಿಂದ ಕಟ್ಟಿ ಮ್ಯಾಲ ಕುಂತಾನ. ತಮ್ಮನ ಮಾರಿ ನೋಡಿದಾಗೆಲ್ಲ ಸೂಗಮ್ಮಗ ಆ ಕಟ್ಟದ ಇನ್ಶೂರೆನ್ಸೇ ನೆನಪಾಗ್ತದ.

"ಕಾಗದ ಇಲ್ಲದ ಗಾಡ್ಯಾಗ ನಾ ಕಾಲಿಡಂಗಿಲ್ಲ. ನೀವು ರಥ ತಂದ್ರೂ ಇಡಂಗಿಲ್ಲ," ಅಂದುಬಿಟ್ಟಿದ್ಳು.

ಹಂಗಂತ ಆಕಿಗೆ ಕೂಡೋ ಆಸಿ ಇರಲಿಲ್ಲಂತ ತಿಳೀಬ್ಯಾಡ್ರಿ. ಆಕಿ ಆಸಿ ಗಂಡನ ಆಸಿಗಿಂತ ಹಳೇದು. ಲಗ್ನ ಆದ ಹೊಸದಾಗಿ ಆಕಿ ಗಂಡನ ಜೋಡಿ ಫೌಜಿನ ಕ್ವಾರ್ಟರ್ಸಿನಾಗ ಎರಡು ವರ್ಷ ಇದ್ಳು. ಒಂದು ಮಧ್ಯಾಹ್ನ ಸುಡೋ ಬಿಸಲಾಗ ಹಿಟ್ಟಿನ ಚೀಲ ಹೊತ್ಕೊಂಡು ಬರೋವಾಗ ಹಿಂದಿಂದ ಜೀಪು ಬಂತು. ಓಡಸಾಂವ ತನ್ನ ಗಂಡ. ಜೀಪು ಖಾಲಿ. ಈಕಿ ನಿಂತು ನಕ್ಕಳು. ಅವ ಸೀದಾ ಮುಂದ ನೋಡ್ಕೋತ ಧೂಳ ಎಬ್ಬಿಸಿ ಹೋಗೇಬಿಟ್ಟ! ಸರಕಾರಿ ಗಾಡ್ಯಾಗ ಹೆಂಡ್ತಿನ ಹತ್ತಿಸ್ಕೊಳ್ಳೋ ಹುಕುಂ ಇಲ್ಲ. ಸಂಜಿಗೆ ಬಂದು ಅವ ಊಟ ಮಾಡಲಿಲ್ಲ, ಈಕಿ ಮಾತಾಡಲಿಲ್ಲ. ಎಂಥೆಂಥಾರನ್ನೋ, ಮೂಟಿಗಟ್ಟಲೆ ಬಟಾಟಿನ್ನೂ ಹೊತ್ತು ತಿರಗಿದ ಆ ಕೈ ಒಂದ್ಸಲನೂ ಈಕಿನ್ನ ಹೊತ್ತಿರಲಿಲ್ಲ. ಜೀಪು ಯಾಕ ತಂದಾನ ಅಂಬೋದು ಆಕಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದಕ್ಕೇ ಸಿಟ್ಟು ಜಾಸ್ತಿ ಬರ್ತಿತ್ತು.

ಇರಲಿ, ಬಸ್ಸಿನ ಮಾತಿಗೆ ಬರೂಣು. ಕಲಬುರಗಿ ರಿಂಗ್ ರೋಡಿನ ಹತ್ರ ಬಸ್ಸು ಸಿಗ್ನಲ್ಲಿಗೆ ನಿಂತಿತು. ಜೀಪು ಪಕ್ಕದಾಗ ಬಂದು ನಿಂತಿತು. ಟ್ರಾಫಿಕ್ ಜಮಾದಾರ ಒಬ್ಬ ಹಸಿರು ಬಣ್ಣ ನೋಡಿದಾವನೇ ಠಕ್ ಅಂತ ಸೆಲ್ಯೂಟ್ ಹೊಡದ. ಗುರುಲಿಂಗಪ್ಪನೂ ಹೊಡದ. ಅಷ್ಟಕ್ಕ ಸುಮ್ನ ಹೋಗಿದ್ರ ಹೋಗ್ತಿತ್ತು. ಜಮಾದಾರನ ಕಣ್ಣು ಮುಂದಿನ ಬಂಪರಿಗೆ ಹೋತು. ನಂಬರ್ ಪ್ಲೇಟ್ ಇಲ್ಲ! "ಸೈಡಿಗೆ ಹಾಕ್ರಿ ಸರ್," ಅಂದ.

ಬಸ್ಸಿನ ಮಂದಿ ಎಲ್ಲಾ ಆ ಕಡೆ ಕಿಡಕಿಗೆ ಮುಗಿಬಿದ್ರು. ಸೂಗಮ್ಮ "ತಡೀರಿ, ತಡೀರಿ, ಇಳಿಯಾಕಿದ್ದೀನಿ" ಅಂತ ಚೀಲ ಬಗಲಾಗ ಅವುಚಿಕೊಂಡು ಧಡಧಡ ಇಳದ್ಳು. ಆಕಿ ಹತ್ರ ಹೋಗೋದ್ರಾಗ ಗುರುಲಿಂಗಪ್ಪ ಎದಿ ಉಬ್ಬಿಸಿ ಕಾರ್ ಡೈರಿ ತೋರಸಾಕತ್ತಿದ್ದ.

"ಕಮಲಾಪುರದಿಂದ ಕಲಬುರಗಿಗೆ, ಕೆಲಸ: ಲಗ್ನ," ಅಂತ ಓದಿದ ಜಮಾದಾರ. "ಇದು ಸಹಿ ಯಾರ್ದ್ರಿ?"

"ನಂದೇ."

"ಮತ್ತ ಪರವಾನಗಿ ಕೊಟ್ಟವರು?"

"ನಾನೇ."

ಜಮಾದಾರಗ ನಗು ತಡಿಲಿಲ್ಲ, ಆದ್ರ ತಡಕೊಂಡ. "ಸರ್, ನೀವು ದೇಶಕ್ಕ ದುಡದವರು, ನಾ ಅವಮಾನ ಮಾಡಂಗಿಲ್ಲ. ಖರೇ ಹೇಳ್ತೀನಿ, ಗಾಡಿ ಹರಾಜಿನಾಗ ಕೊಂಡ ದಿನನೇ ಅದು ಫೌಜಿನ ಗಾಡಿ ಅಲ್ಲ. ನಿಮ್ಮದು ನನ್ನ ಸ್ಕೂಟರ್ ಇದ್ದಂಗ. ಈ ಹಸಿರು ಬಣ್ಣ ಫೌಜಿಗಷ್ಟೇ, ಖಾಸಗಿ ಗಾಡಿಗೆ ಇರಬಾರದು. ನಂಬರ್ ಬೇಕು, ಇನ್ಶೂರೆನ್ಸ್ ಬೇಕು. ನಾಳೆ ಯಾರಿಗಾದ್ರೂ ಬಡದ್ರ ಏನು ಮಾಡ್ತೀರಿ?"

"ಇಪ್ಪತ್ತಾರು ವರ್ಷದಾಗ ನನ್ನ ಗಾಡಿಗೆ ಒಂದು ಕೋಳಿನೂ ಸತ್ತಿಲ್ಲ," ಅಂದ ಗುರುಲಿಂಗಪ್ಪ.

"ಕಲ್ಯಾಣಗ ಬಡದಾವನ ಗಾಡಿಗೂ ಅವತ್ತಿನ ತನಕ ಒಂದು ಕೋಳಿ ಸತ್ತಿರಲಿಲ್ಲ," ಅಂದ್ಳು ಹಿಂದಿಂದ ಸೂಗಮ್ಮ.

ಅವ ಹೊಳ್ಳಿ ನೋಡಿದ. ಹೆಂಡ್ತಿ ತಮ್ಮನ ಕಡದ ಕಾಲು ಮೊದಲನೇ ಸಲ ಕಣ್ಣ ಮುಂದ ಬಂದವರಂಗ ಹಂಗೇ ನಿಂತುಬಿಟ್ಟ. ಆಮ್ಯಾಲ ಕಾರ್ ಡೈರಿ ಮಡಚಿ ಜೇಬಿನಾಗ ಇಟ್ಟು, ಜೀಪಿನ ಚಾವಿ ತಗದು ಹೆಂಡ್ತಿ ಕೈಯಾಗ ಕೊಟ್ಟ. "ನೀ ಹೇಳ್ದಂಗ," ಅಂದ. ಸೂಗಮ್ಮನ ಸಿಟ್ಟು ಅಲ್ಲೇ ಅರ್ಧ ಇಳೀತು. ಉಳದರ್ಧ ಆಕಿ ಕೆಲಸಕ್ಕ ಇಟ್ಕೊಂಡ್ಳು.

ದಂಡ ಕಟ್ಟಿದ್ರು. ಲಗ್ನಕ್ಕ ತಡಾ ಆದ್ರೂ ಆಗಲಿ ಅಂತ ಆಕಿ ಗಾಡಿ ಚಾಲು ಮಾಡಾಕೇ ಬಿಡಲಿಲ್ಲ. ಕ್ರೇನ್ ಕರಸಿ, ಮೂತಿ ಎತ್ತಿಸಿ, ಮೋಮಿನಪುರದಾಗ ಲಾಲ್ ಅಹ್ಮದನ ಅಂಗಡಿ ಮುಂದ ಇಳಿಸಿದ್ಳು. ಲಾಲ್ ಅಹ್ಮದ್ ಅಂದ್ರ ಗಾಡಿಗೆ ಬಣ್ಣ ಹೊಡಿಯೋದ್ರಾಗ ಕಲಬುರಗ್ಯಾಗ ಎತ್ತಿದ ಕೈ. ಅರವತ್ತು ದಾಟ್ಯಾವ, ಗಡ್ಡದಾಗೂ ಒಂದೆರಡು ಬಣ್ಣದ ಹನಿ ಇದ್ದೇ ಇರ್ತಾವ. ಅವನ ಬಣ್ಣದ ಮ್ಯಾಲ ಕೈ ಆಡಿಸಿದ್ರ ಎಲ್ಲೂ ಒಂದು ತಗ್ಗು, ಒಂದು ಗೆರಿ ಸಿಗಬಾರದು, ಅದು ಅವನ ಶಪಥ. "ನಮ್ಮವರ ಕೈಗೆ ರೊಟ್ಟಿ ಹಂಚು ಕೊಟ್ರೂ ತಗ್ಗು ಮುಚ್ಚೋ ಪುಟ್ಟಿ ಹಚ್ಚಿ ಪಾಲಿಶ್ ಮಾಡ್ತಾರ," ಅಂತಾಳ ಹೆಂಡ್ತಿ ಚಾಂದಬಿ.

"ಯಾವ ರಂಗು ಹೊಡೀಲಿ ಭಾಬಿ?" ಅಂತ ಕೇಳಿದ.

ಗುರುಲಿಂಗಪ್ಪ ಮೆಲ್ಲಕ "ಹಸಿರಿನಾಗೇ ಒಂಚೂರು ಬ್ಯಾರೆ" ಅಂಬೋದ್ರಾಗ ಸೂಗಮ್ಮ ಚೀಲದಾಗಿನ ಬಾಳಿಹಣ್ಣು ಒಂದು ತಗದು ಮುಂದ ಹಿಡದ್ಳು. ಕಮಲಾಪುರದ ಕೆಂಪು ಬಾಳಿ. "ಇದು," ಅಂದ್ಳು. ಲಾಲ್ ಅಹ್ಮದ್ ಹಣ್ಣು ಬೆಳಕಿಗೆ ಹಿಡದು, ತಿರುವಿ ನೋಡಿ, "ವಾಹ್!" ಅಂದ. ಚಾಂದಬಿ ಚಹಾ ತಂದು ಕೊಟ್ಳು.

ಕಾಗದದ ಕೆಲಸ ಒಂದಿನದ್ದಲ್ಲ. ಹರಾಜಿನ ಕಾಗದ ಖರೇ ಹೌದೋ ಅಲ್ಲೋ ಅಂತ ಆರ್‌ಟಿಓ ಆಫೀಸಿನವರು ಡಿಪೋಕ್ಕ ಪತ್ರ ಬರದ್ರು, ಉತ್ತರ ಬರಾಕ ಎರಡು ತಿಂಗಳು ಹಿಡೀತು. ಅಷ್ಟ್ರಾಗ ಸೂಗಮ್ಮ ಗಂಡನ್ನ ಕರಕೊಂಡು ಇನ್ಶೂರೆನ್ಸ್ ಆಫೀಸಿಗೆ ಹೋದ್ಳು. ಅಲ್ಲಿ ಅಫ್ರೀನ್ ಅಂತ ಒಬ್ಬಾಕಿ ಹುಡಗಿ, ಹರಾಜಿನ ಕಾಗದದಾಗ ಇದ್ದ, ಗಾಡಿ ಕೆಳಗಿನ ಕಬ್ಬಿಣದ ಮ್ಯಾಲ ಕೆತ್ತೋ ಚಾಸಿ ನಂಬರು ಕಂಪ್ಯೂಟರಿಗೆ ಹೊಡಕೋತ ಹೇಳಿದ್ಳು, "ಆಂಟಿ, ಇಷ್ಟು ಹಳೀ ಗಾಡಿಗೆ ಪೂರಾ ಇನ್ಶೂರೆನ್ಸ್ ಆಗಂಗಿಲ್ಲ. ಥರ್ಡ್ ಪಾರ್ಟಿ ಅಷ್ಟೇ. ಅಂದ್ರ ಗಾಡಿ ಸುಟ್ಟು ಬೂದಿ ಆದ್ರೂ ನಿಮಗೇನೂ ಸಿಗಂಗಿಲ್ಲ. ನಿಮ್ಮ ಗಾಡಿ ಯಾರಿಗಾದ್ರೂ ಬಡದ್ರ ಅವರಿಗೆ ಸಿಗ್ತದ."

"ನನಗ ಬೇಕಾದ್ದೂ ಅದೇ ನನ್ನವ್ವ," ಅಂದ್ಳು ಸೂಗಮ್ಮ. ಅಂದ ಮ್ಯಾಲ ಆಕಿಗೆ ಯಾಕೋ ಕಣ್ಣಾಗ ನೀರು ಬಂದ್ವು. ಗುರುಲಿಂಗಪ್ಪ ಆ ಹುಡಗಿ ತೋರಿಸಿದ ಕಡೆ ಸಹಿ ಮಾಡಿದ.

ತಪಾಸಣಿ ದಿನ ಬಂತು. ಜೀಪು ಮತ್ತ ಕ್ರೇನಿಗೆ ಜೋತು ಬಿದ್ದು ಆರ್‌ಟಿಓ ಅಂಗಳಕ್ಕ ಬಂತು. ಏನು ಬಣ್ಣ, ಏನು ಹೊಳಪು! ಲೈಸೆನ್ಸಿಗೆ ಬಂದ ಮಂದಿ ಸರತಿ ಬಿಟ್ಟು ನೋಡಾಕ ಬಂದ್ರು. ಲಾಲ್ ಅಹ್ಮದನೂ ಹೊಸ ಕುರ್ತಾ ಹಾಕ್ಕೊಂಡು ಬಂದಿದ್ದ, ತನ್ನ ಮಗಳ ಲಗ್ನಕ್ಕ ನಿಂತವರಂಗ ಗಾಡಿ ಪಕ್ಕ ನಿಂತಿದ್ದ.

ಇನ್‌ಸ್ಪೆಕ್ಟರ್ ಮಲ್ಲಿಕಾ ಮೇಡಂ ಬಂದ್ರು. ಸಣ್ಣಾಕಿ, ಕಡಕ್ ಹೆಣ್ಣಮಗಳು. ಲೈಟು ನೋಡಿದ್ರು, ಬ್ರೇಕು ನೋಡಿದ್ರು, ಎಂಜಿನ್ ನಂಬರು ತಾಳಿ ನೋಡಿ ಟಿಕ್ ಹೊಡದ್ರು. ಆಮ್ಯಾಲ ಚಾಸಿ ನಂಬರಿನ ಛಾಪು ತಗೀಬೇಕು ಅಂತ ಪೆನ್ಸಿಲ್ಲು ಕಾಗದ ಹಿಡಕೊಂಡು ಮುಂದಿನ ಚಕ್ರದ ಹತ್ರ ಬಗ್ಗಿದ್ರು. ಟಾರ್ಚ್ ಹಾಕಿದ್ರು. ಆ ಕಡೆ ಹೋದ್ರು, ಈ ಕಡೆ ಬಂದ್ರು, ಕೈ ಹಾಕಿ ಸವರಿದ್ರು.

"ನಂಬರ್ ಎಲ್ಲದ?"

ಗುರುಲಿಂಗಪ್ಪ ಬಗ್ಗಿ ನೋಡಿದ. ಚಾಸಿ ಕನ್ನಡಿ ಹಂಗ ನುಣ್ಣಗ ಹೊಳಿಯಾಕತ್ತದ. ನಂಬರಿನ ಸುಳಿವಿಲ್ಲ.

"ಇದು ಭಾಳ ಗಂಭೀರ ಅದ್ರಿ," ಅಂದ್ರು ಮೇಡಂ ನೆಟ್ಟಗಾಗಿ. "ಚಾಸಿ ನಂಬರ್ ಅಳಿಸಿದ ಗಾಡಿ ಅಂದ್ರ ಕಳವಿಂದು ಅಂತ ಸಂಶಯ ಬರ್ತದ. ನಾ ಪೊಲೀಸರಿಗೆ ಬರೀಬೇಕಾಗ್ತದ. ನಿಮ್ಮ ಇನ್ಶೂರೆನ್ಸು ಆ ನಂಬರಿನ ಮ್ಯಾಲೇ ಆಗ್ಯಾದ. ಗಾಡಿ ಮ್ಯಾಲ ನಂಬರೇ ಇಲ್ಲಂದ್ರ ಇದು ಯಾವ ಗಾಡಿಯ ಇನ್ಶೂರೆನ್ಸ್?"

ಸೂಗಮ್ಮ ಚೀಲದಾಗಿಂದ ಇನ್ಶೂರೆನ್ಸ್ ಕಾಗದ ಹೊರಗ ತಗದ್ಳು. ನಾಲ್ಕು ತಿಂಗಳು ತಿರಗಿ ತಿರಗಿ ಚಪ್ಪಲಿ ಹರದು ಮಾಡಿಸಿದ ಕಾಗದ ಕೈಯಾಗ ಇದ್ದಂಗೇ ಬರೇ ಕಾಗದ ಆತು. ಗಂಡನ ಮಾರಿ ನೋಡಿದ್ಳು. ಅವ ಕಳ್ಳ ಅನಿಸ್ಕೊಂಡವರಂಗ ಬೆಳ್ಳಗ ಆಗಿದ್ದ. ಇಪ್ಪತ್ತಾರು ವರ್ಷದಾಗ ನೌಕರಿ ದಾಖಲೆದಾಗ ತಪ್ಪಿನ ಒಂದು ಕೆಂಪು ಗೆರಿ ಬೀಳದ ಮನುಷ್ಯ! ಗಾಡಿ ಹೋಗ್ತದೋ ಏನೋ ಅಂಬೋ ಚಿಂತಿಗಿಂತ ಅವನ ಆ ಮಾರಿ ನೋಡಿ ಆಕಿಗೆ ಜೀವ ಹಿಂಡಿದಂಗಾತು.

ಆಗ ಲಾಲ್ ಅಹ್ಮದ್ ತಲಿ ಮ್ಯಾಲ ಕೈ ಇಟ್ಕೊಂಡು ನೆಲಕ್ಕ ಕುಂತ. "ಯಾ ಅಲ್ಲಾ! ಭಾಬಿ, ತಪ್ಪು ನಂದು. ಅಲ್ಲಿ ತಗ್ಗು ತಗ್ಗು ಹತ್ತಿತ್ತು ಕೈಗೆ. ಕಬ್ಬಿಣ ಜಂಗ್ ತಿಂದು ಗುಂಡಿ ಬಿದ್ದಾವ ಅಂತ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡದೀನಿ. ಕೆಳಗ ಯಾರು ನೋಡ್ತಾರ ಅಂತ ನಾ ಬಿಡಂಗಿಲ್ಲಲ್ಲ..."

ಗುರುಲಿಂಗಪ್ಪಗ ನಗಬೇಕೋ ಅಳಬೇಕೋ ತಿಳಿಲಿಲ್ಲ. ಮಲ್ಲಿಕಾ ಮೇಡಂ ಹುಬ್ಬು ಗಂಟು ಹಾಕಿ, "ಕಬ್ಬಿಣ ಉಜ್ಜೋ ಗ್ರೈಂಡರ್ ಹಿಡದೀಯೇನು ಅಲ್ಲಿ? ಗ್ರೈಂಡರ್ ತಾಕಿದ್ರ ನಂಬರ್ ಅಳಸಿ ಹೋಗಿರ್ತದ. ಆಮ್ಯಾಲ ನಾನೂ ಏನೂ ಮಾಡಾಕ ಬರಂಗಿಲ್ಲ," ಅಂದ್ರು.

"ಅದೇ ನೆನಪಾಗವಲ್ದು ಮೇಡಂ. ಚಾಸಿಗೆ ಅಲ್ಲಲ್ಲಿ ಗ್ರೈಂಡರ್ ಹಿಡದೀನಿ. ಅಲ್ಲಿ ಹಿಡದೀನೋ ಇಲ್ಲೋ..."

"ಈಗ ನನ್ನೆದುರಿಗೇ ತೆಗಿ. ಥಿನ್ನರ್‌ಲೆ ಮಾತ್ರ. ಕಬ್ಬಿಣ ಮುಟ್ಟಸಬ್ಯಾಡ," ಅಂದ್ರು ಮೇಡಂ.

ಎದುರಿನ ಅಂಗಡಿಯಿಂದ ಥಿನ್ನರ್ ಬಂತು. ಲಾಲ್ ಅಹ್ಮದ್ ಹೊಸ ಕುರ್ತಾ ಸಮೇತ ಗಾಡಿ ಕೆಳಗ ಅಂಗಾತ ಮಲಕೊಂಡ. ಬಟ್ಟಿ ತೊಯ್ಸಿ ಒತ್ತಿ ಹಿಡದ. ತಾನು ಜೀವ ಸುರಿದು ಹೊಡದ ಬಣ್ಣ ಅದು. ಕೆಂಪು ನೀರು ಮೊಣಕೈಗುಂಟ ಇಳದು ಅಂಗಿ ತೊಯ್ತು. ಬಣ್ಣ ಹೋತು, ಕೆಳಗಿನ ಪುಟ್ಟಿ ಕಂಡಿತು. ಬಿದರಿನ ಕಡ್ಡಿ ಒಂದು ಚೂಪು ಮಾಡಿ ಕೊಟ್ಟ ಗುರುಲಿಂಗಪ್ಪ. ಅದರ್ಲೆ ಹಲ್ಲಿನ ಸಂದ್ಯಾಗಿನ ಅಡಿಕಿ ತಗದಂಗ ಮೆಲ್ಲಕ ಮೆಲ್ಲಕ ಕೆದಕಿದ ಲಾಲ್ ಅಹ್ಮದ್. ಸುತ್ತ ನಿಂತ ಮಂದಿ ಬಗ್ಗಿ ಬಗ್ಗಿ ನೋಡಿದ್ರು.

"ನಾಲ್ಕು!" ಅಂತ ಕೆಳಗಿಂದ ಕೂಗಿದ.

ಸೂಗಮ್ಮ ಕೈಯಾಗಿನ ಇನ್ಶೂರೆನ್ಸ್ ಕಾಗದ ನೋಡಿದ್ಳು. "ನಾಲ್ಕು, ಹೌದು," ಅಂದ್ಳು.

"ಒಂಬತ್ತು!"

"ಹೌದು."

ಸೊನ್ನಿ ಬಂತು, ಎರಡು ಬಂತು, ಏಳು ಬಂತು. ಒಂದೊಂದಕ್ಕೂ ಸೂಗಮ್ಮ "ಹೌದು" ಅಂದಾಗ ಸುತ್ತ ನಿಂತವರೂ "ಹೌದು" ಅಂದ್ರು. ಕಡೇ ಅಂಕಿ ಹತ್ರ ಲಾಲ್ ಅಹ್ಮದನ ಕಡ್ಡಿ ನಿಂತಿತು.

"ಏನಾತೋ?" ಅಂದ ಗುರುಲಿಂಗಪ್ಪ.

"ಇಲ್ಲಿ ಗ್ರೈಂಡರ್ ತಾಕ್ಯಾದ," ಅಂತು ಕೆಳಗಿನ ದನಿ, ಅಳೋ ಹಂಗ. "ಗೆರಿ ಬಿದ್ದಾವ. ಮೂರೋ ಎಂಟೋ ತಿಳೀವಲ್ದು."

ಸೂಗಮ್ಮ ಮತ್ತ ಕಾಗದ ನೋಡಿದ್ಳು. ಕಾಗದದಾಗ ಮೂರು ಅದ. ಎಂಟು ಅಂತ ಬಂದ್ರ ಎಲ್ಲಾ ಮುಗೀತು. ಮಲ್ಲಿಕಾ ಮೇಡಂ ಯಾರಿಗೂ ಏನೂ ಹೇಳದ, ಯುನಿಫಾರ್ಮಿನ ತೋಳು ಮಡಚಿ, ಚಕ್ರದ ಪಕ್ಕ ಮೊಣಕಾಲೂರಿ ಕುಂತ್ರು. ಒಣ ಬಟ್ಟಿಲೆ ಒರಸಿದ್ರು. ತೆಳ್ಳನ ಕಾಗದ ಒತ್ತಿ ಹಿಡದು ಪೆನ್ಸಿಲ್ಲು ಅಡ್ಡ ಮಾಡಿ ಉಜ್ಜಿದ್ರು, ಒಂದು ಸಲ, ಎರಡು ಸಲ. ಕಾಗದ ತಗದು ಬಿಸಲಿಗೆ ಹಿಡದ್ರು. ಗುರುಲಿಂಗಪ್ಪ ಕಣ್ಣು ಮುಚ್ಚಿದ್ದ. ಸೂಗಮ್ಮ ಅವನ ತೋಳು ಗಟ್ಟಿಯಾಗಿ ಹಿಡಕೊಂಡಿದ್ಳು.

"ಅಂಕಿ ಎಡಗಡಿ ಬಾಯಿ ತಗದದ," ಅಂದ್ರು ಮೇಡಂ. "ಮೂರು."

ಸೂಗಮ್ಮ ಅಲ್ಲೇ ಕಟ್ಟಿ ಮ್ಯಾಲ ಧಪ್ ಅಂತ ಕುಂತು ಗಳಗಳ ಅತ್ಳು, ನಕ್ಕಳು, ಎರಡೂ ಕೂಡೇ ಬಂದ್ವು. ಲಾಲ್ ಅಹ್ಮದ್ ಗಾಡಿ ಕೆಳಗಿಂದ ಹೊರಗ ಬಂದ, ಕುರ್ತಾ ಪೂರಾ ಕೆಂಪು. ಗುರುಲಿಂಗಪ್ಪ ಅವನ್ನ ಬಯ್ಯಬೇಕಂತ ಹೋದಾವ ತಬ್ಬಿಕೊಂಡುಬಿಟ್ಟ, ಇವನ ಅಂಗಿನೂ ಕೆಂಪಾತು. ಮಲ್ಲಿಕಾ ಮೇಡಂ ಛಾಪು ಫೈಲಿಗೆ ಅಂಟಿಸಿ, "ಇನ್ನ ಅದರ ಮ್ಯಾಲ ಬಣ್ಣ ಹೊಡದಿಯೋ, ನೋಡು ಮತ್ತ," ಅಂತ ಲಾಲ್ ಅಹ್ಮದಗ ಬಟ್ಟು ತೋರಿಸಿದ್ರು.

ಹದಿನೈದು ದಿನಕ್ಕ ನಂಬರ್ ಬಂತು. ಮೋಮಿನಪುರದ ಅಂಗಡಿ ಮುಂದ ಪ್ಲೇಟು ಕೂಡಿಸಿದ್ರು. ಆರ್‌ಸಿ, ಇನ್ಶೂರೆನ್ಸ್, ಹೊಗಿ ಸರ್ಟಿಫಿಕೇಟು ಎಲ್ಲಾ ಸೂಗಮ್ಮನ ಚೀಲದಾಗ. ಗುರುಲಿಂಗಪ್ಪ ಈ ಸಲ ಕರಿಲಿಲ್ಲ. ಕರಿಯಾಕ ಧೈರ್ಯ ಸಾಲಲಿಲ್ಲ. ಸೂಗಮ್ಮ ತಾನೇ ಬಂದು, ಸೀರಿ ನಿರಗಿ ಹಿಡದು, ಎಡಗಡಿ ಸೀಟಿಗೆ ಹತ್ತಿ ಕುಂತ್ಳು. ಚಾಂದಬಿ "ಖುದಾ ಹಾಫಿಜ್ ಭಾಬಿ" ಅಂತ ಕೈ ಬೀಸಿದ್ಳು.

ಗಾಡಿ ಚಾಲು ಆತು, ಬಂದ್ ಆತು. ಮತ್ತ ಚಾಲು ಆತು, ಮತ್ತ ಬಂದ್. ಮೂರನೇ ಸಲಕ್ಕ ಹೊಂಟಿತು. ನೆಹರು ಗಂಜ್ ದಾಟಿದ್ರು, ರಿಂಗ್ ರೋಡ್ ದಾಟಿದ್ರು. ಹೆದ್ದಾರಿಗೆ ಬಂದ ಮ್ಯಾಲೂ ಗಾಡಿ ಇಪ್ಪತ್ತರ ಮ್ಯಾಲ ಹೋಗವಲ್ದು. ಹಿಂದಿಂದ ಲಾರಿ ಹಾರ್ನ್ ಹೊಡದು ಹೊಡದು ಮುಂದ ಹೋದ್ವು. ಸೈಕಲ್ ಮ್ಯಾಲ ಹೊಂಟಿದ್ದ ಹಾಲಿನವನೂ ಮುಂದ ಹೋದ. ಸೂಗಮ್ಮಗ ತಡಿಲಿಲ್ಲ.

"ಯಾಕ್ರಿ? ಬರ್ಫ್ ಬಿದ್ದ ಗುಡ್ಡದಾಗ ಕಣ್ಣು ಮುಚ್ಚಿ ಓಡಸ್ತಿದ್ದೆ ಅಂತ ಊರ ತುಂಬ ಹೇಳ್ತೀರಲ್ಲ, ಈಗೇನಾಗ್ಯಾದ? ಇಷ್ಟು ಸಣ್ಣಗ ನಡದ್ರ ಯಾವಾಗ ಮುಟ್ಟೋದು?"

ಅವ ರಸ್ತಾದ ಮ್ಯಾಲಿನ ಕಣ್ಣು ತಗೀಲಿಲ್ಲ. ಆಗ ಆಕಿ ಅವನ ಕೈ ನೋಡಿದ್ಳು. ಹೊಸದಾಗಿ ಕಲಿಯಾಂವನಂಗ ಎರಡೂ ಕೈಲೆ ಸ್ಟಿಯರಿಂಗ್ ಗಟ್ಟಿ ಹಿಡಕೊಂಡಿದ್ದ.

"ಇಪ್ಪತ್ತಾರು ವರ್ಷ ಸರಕಾರದ ಸಾಮಾನು ಒಯ್ದೀನಿ," ಅಂದ ಅವ. "ಒಡದ್ರ ಸರಕಾರ ಮತ್ತ ಕೊಡ್ತಿತ್ತು. ನಂದು ಅಂಬೋದು ಇವತ್ತೇ ಮೊದಲ ಸಲ ಒಯ್ಯಾಕತ್ತೀನಿ. ಅಂಜಿಕಿ ಬರಾಕತ್ತದ."

ಸೂಗಮ್ಮ ಸೆರಗಿಲೆ ಕಣ್ಣು ಒರಸ್ಕೊಂಡು, ಕಿಡಕಿ ಇಲ್ಲದ ಆ ಗಾಡ್ಯಾಗ ಗಾಳಿ ಬಡಸ್ಕೋತ ಸೀಟಿಗೆ ಆರಾಮ ಒರಗಿ ಕುಂತ್ಳು.

"ಹಂಗಾದ್ರ ಸಾವಕಾಶ ನಡೀರಿ," ಅಂದ್ಳು. "ನನಗೇನೂ ಅವಸರ ಇಲ್ಲ."

ಆ ಮೂವತ್ತೈದು ಕಿಲೋಮೀಟರ್ ದಾಟಾಕ ಅವರಿಗೆ ಎರಡು ತಾಸು ಹಿಡೀತು.